ಸತುವಿನ ಮ್ಯಾಲೊಂದು ಹನಿ

ಬಾಟ್ಲಿ ಮ್ಯಾಲ ಆಸಿಡ್ ಅಂತ ಓದಿದ್ದಽ ತಡ
ಅಪ್ಪ ಚಾದ ಕಪ್ಪು ಕೆಳಗಿಟ್ಟ.
ಮೂವತ್ತೊಂದು ವರ್ಷ ಆ ಶಬ್ದದ ಜೋಡಿ ಬಾಳೇವು ಮಾಡಿದಾವ,
ಬೆರಳಿನ ತುದಿ ಅದಕ್ಕಽ ಕೊಟ್ಟಾವ.
ಬೆಟಗೇರಿಯ ಬ್ಲಾಕಿನ ನೀಲಕಂಠಪ್ಪ ಅಂದ್ರ
ಗದಗಿನ ಪ್ರೆಸ್ಸಿನವರು ಸೈಕಲ್ ಹತ್ತಿ ಬರ್ತಿದ್ರು.
ಮದಿವಿ ಮುಖ, ಎಲೆಕ್ಷನ್ ಮುಖ, ಶ್ರದ್ಧಾಂಜಲಿ ಮುಖ
ಎಲ್ಲಾ ಒಂದಽ ತಟ್ಟಿಯೊಳಗ ತೊಯ್ಸಿ ತೆಗೀತಿದ್ದ.
ಆಫ್‌ಸೆಟ್ ಬಂತು. ತಟ್ಟಿ ಅಟ್ಟ ಏರಿತು.
ಕೆಮ್ಮು ಇಳೀಲಿಲ್ಲ.

'ಏನಬೇ ಇದು?'
'ಬಂಗಿಗೆಪಾ. ಲ್ಯಾಕ್ಟಿಕ್. ಹಾಲಿಂದ ಹುಟ್ಟಿದ್ದು.'
'ಮುಖಕ್ಕ?'
'ಮುಖಕ್ಕಽ.'

ಅಟ್ಟ ಹತ್ತಿ, ಧೂಳು ಝಾಡಿಸಿ
ಒಂದು ತುಂಡು ಸತು ತಂದ,
ಅದರಾಗ ಯಾರದೋ ಮದಿವಿಯ ಅರ್ಧ ರುಮಾಲು ಉಳಿದಿತ್ತು.
ನನ್ನ ಆರುನೂರು ರೂಪಾಯಿ ಬಾಟ್ಲಿಯಿಂದ
ಒಂದು ಹನಿ ಬಿಟ್ಟ. ಚಸ್ಮಾ ಏರಿಸಿದ.
ಕಾದ.
ಎರಡಽ ಗುಳ್ಳಿ, ಅವೂ ನಾಚಿಕೊಂಡು.
'ಇದಕ್ಕಿನ್ನೂ ಹಲ್ಲು ಬಂದಿಲ್ಲ' ಅಂದ,
ಆರಿದ ಚಾ ಎತ್ತಿಕೊಂಡ.

ಟಾಂಗಾಕೂಟದ ಮೆಡಿಕಲ್ ಅಂಗಡಿಯೊಳಗ ಕೌಂಟರ್ ನಂದು.
ಬೆಳ್ಳಗಾಗೋದು ಕೊಡ್ರಿ ಅಂತಾರ,
ಬೆಳ್ಳಗಲ್ರಿ, ಸತ್ತ ಪದರ ತೆಗಿಯೋದು ಅಂತೀನಿ.
ಸತ್ತದ್ದು ಅಂದಕೂಡ್ಲೆ ಒಂದು ಹೆಜ್ಜಿ ಹಿಂದ ಸರೀತಾರ.
ನಮ್ಮ ಆಯಿ ರವಿವಾರಕ್ಕೊಮ್ಮೆ ಹಿಡಿದು ಕುಂದರಿಸಿ
ಕಡ್ಲಿ ಹಿಟ್ಟು ಕಲಸಿ ಇದನ್ನಽ ತಿಕ್ಕತಿದ್ದಳು.
ಆಸಿಡ್ ಅಂತಿದ್ದಿಲ್ಲ,
ನಿನ್ನಿ ಮಸರು ಅಂತಿದ್ದಳು.

ವಾರಕ್ಕ ಎರಡು ರಾತ್ರಿ ಅಂತ ಚೀಟಿಯೊಳಗ ಬರದಿತ್ತು.
ನಾ ಐದು ಮಾಡಿದೆ.
ಸಾಲದಕ್ಕ ಮೊಡವಿದು ಇನ್ನೊಂದು, ಸ್ಟಾಫ್ ರಿಯಾಯಿತಿಯೊಳಗ.
ಹತ್ತು ದಿನ ಕನ್ನಡಿ ನನ್ನ ಕಡೀನಽ ಇತ್ತು.
ಹನ್ನೊಂದನೇ ದಿನ ಪ್ಯಾಟಿಯೊಳಗ
ಮೆಣಸಿನಕಾಯಿ ಚೀಲ ಒಬ್ಬಾಂವ ಝಾಡಿಸಿದ,
ಎಲ್ಲಾರೂ ಸೀನಿದ್ರು,
ನಾ ಒಬ್ಬಾಕಿ ಅತ್ತೆ.
ಮೂಗಿನ ಪಕ್ಕ ಉಳ್ಳಾಗಡ್ಡಿ ಸಿಪ್ಪಿ ಹಂಗ ಎದ್ದು ನಿಂತಿತು.
'ಮಾರಾಕಿ ಮುಖಾನಽ ಹಿಂಗಾದ್ರ' ಅಂದು
ಒಬ್ಬಾಕಿ ಕ್ರೀಮು ವಾಪಸ್ ಇಟ್ಟು ಹೋದಳು.

ಅಪ್ಪ ಬೈಲಿಲ್ಲ. ಟ್ಯೂಬ್‌ಲೈಟಿನ ಕೆಳಗ ಗದ್ದ ಹಿಡಿದು
ತೊಳೆದ ಪ್ಲೇಟು ನೋಡಿದಂಗ ನೋಡಿದ.
'ಹೊತ್ತು ಮೀರೈತಿ.
ಕಣಗಿನಹಾಳ ಮಾಸ್ತರಂದೂ ಹಿಂಗಽ ಆಗಿತ್ತು.
ತಟ್ಟಿ ತೂಗಕೋತ ನಿದ್ದಿ ಹತ್ತಿಬಿಟ್ಟಿತು ನನಗ,
ಆಸಿಡ್ಡು ಮಾಸ್ತರನ ಮೀಸಿ ತಿಂತು, ಹುಬ್ಬು ತಿಂತು.
ಮತ್ತೊಂದು ಮಾಡಾಕ ಹೊತ್ತಿಲ್ಲ, ಹಂಗಽ ಅಚ್ಚಾತು.
ಅವನ ಹೆಂಡತಿ ಬಂದಳು. ಹೊಡಿತಾಳ ಅಂತ ಮಾಡಿದ್ದೆ.
ಇಷ್ಟು ಶಾಂತ ಅವರು ಇದ್ದಿಲ್ರಿ ಅಂತ ಅತ್ತು
ಇನ್ನೂ ಐವತ್ತು ಪ್ರತಿ ಒಯ್ದಳು.'

ನಕ್ಕರ ಉರೀತಿತ್ತು. ಆದ್ರೂ ನಕ್ಕೆ.

ಒಂದು ತಿಂಗಳು ಬರೇ ಕ್ರೀಮು. ಬಿಸಲಿಗೆ ಸೆರಗು.
ಗದಗಿನ ಬಿಸಲಿಗೆ ಯಾವ ನಂಬರಿನ ಲೋಷನ್ನೂ
ಸೆರಗಿನಷ್ಟು ಖಾತ್ರಿ ಅಲ್ಲ.
ಮತ್ತ ಶುರು ಮಾಡಿದ ರಾತ್ರಿ
ಮೂಗಿನ ಅಂಚಿಗೆ, ತುಟಿ ಮೂಲಿಗೆ ವ್ಯಾಸ್ಲಿನ್ ಹಚ್ಚೋದು ನೋಡಿ
'ಅದಽ ನಮ್ಮ ಕೆಂಪು ಪುಡಿ' ಅಂದ ಅಪ್ಪ, ಖುಷಿಯಾಗಿ,
'ಗೆರಿ ಪಕ್ಕಕ್ಕ ಕಚ್ಚಬಾರದಂತ ಹಾಕತಿದ್ವಿ.'

ಆಮ್ಯಾಲ ತನ್ನ ಹೆಬ್ಬೆಟ್ಟು ಮುಂದ ಚಾಚಿದ.
ರೇಷನ್ ಅಂಗಡಿ ಮಷಿನ್ನು ಇದನ್ನ ಒಲ್ಲೆ ಅಂತೈತಿ,
ಮೂರು ತಿಂಗಳಾತು. ಸವದು ಗಾಜಾಗೇದ.
'ಹೊಸ ತೊಗಲು ಬಂದ್ರ
ಗೆರಿ ಬರ್ತಾವೇನಬೇ?'

ಚೀಟಿಯೊಳಗ ಅದನ್ನ ಬರದಿಲ್ಲ.
ಒಂದು ಹನಿ ಬಿಟ್ಟೆ.
ಅಪ್ಪ ಹಳೇ ರೂಢಿಯಂಗ ಎಣಿಸಾಕ ಹತ್ತಿದ,
ಒಂದು, ಎರಡು,
ಕೈ ತಟ್ಟಿ ಹಂಗ ತೂಗಿಕೋತ.